ಸಿಂದಗಿಯ ಉತಾರ, ಮಲೆನಾಡಿನ ನಕ್ಷೆ: ಮಾಹಿತಿ ಬರೆಯುವವರ ತರಬೇತಿಯನ್ನು ಕುರಿತು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಸಭೆಯಲ್ಲಿ ವಿಜಯಪುರ ಜಿಲ್ಲೆಯ ಸಿಂದಗಿಯ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರನ್ನೂ ಮೀರಿ ಮಳೆ ಸುರಿಯುತ್ತದೆ. ಸಿಂದಗಿಯ ಕಡೆ 600 ಮಿಲಿಮೀಟರ್ ಬಿದ್ದರೆ ಅದು ಒಳ್ಳೆಯ ವರ್ಷ. ಇಲ್ಲಿ ಅಡಕೆ, ಕಾಳುಮೆಣಸು, ಏಲಕ್ಕಿ, ಗದ್ದೆ. ಅಲ್ಲಿ ತೊಗರಿ, ಬಿಳಿಜೋಳ, ಕಡಲೆ, ಹತ್ತಿ. ಇಲ್ಲಿಯ ಮಣ್ಣು ಮಳೆಯಲ್ಲಿ ತೊಳೆದು ಹುಳಿಯಾದ ಕೆಂಪು ಮಣ್ಣು. ಅಲ್ಲಿಯದು ಸುಣ್ಣದಂಶವಿರುವ ಕಪ್ಪು ಎರೆ. ಆದರೂ ಈ ಎರಡು ನೆಲಗಳ ರೈತರನ್ನು ಸರ್ಕಾರ ಇಂದು ನೋಡುವ ಕಿಟಕಿ ಒಂದೇ. ಪಹಣಿಯ ತಂತ್ರಾಂಶ ಒಂದೇ, ಬೆಳೆ ಸಮೀಕ್ಷೆಯ ತಂತ್ರಾಂಶ ಒಂದೇ, ಪರಿಹಾರದ ಹಣ ಹರಿಯುವ ದಾರಿಯೂ ಒಂದೇ. ಆ ಕಿಟಕಿಯ ಒಳಗಡೆ ಕುಳಿತು ಅಕ್ಷರ ಒತ್ತುವವರು ಗ್ರಾಮ ಪಂಚಾಯಿತಿಯ ಡೇಟಾ ಎಂಟ್ರಿ ಆಪರೇಟರ್, ಗ್ರಾಮ ಆಡಳಿತ ಅಧಿಕಾರಿ ಮತ್ತು ರೈತ ಸಂಪರ್ಕ ಕೇಂದ್ರದ ಸಹಾಯಕ. ಇವರಿಗೆ ಏನನ್ನು ಕಲಿಸಲಾಗಿದೆ, ಏನನ್ನು ಕಲಿಸಿಲ್ಲ ಎಂಬುದೇ ಇಂದಿನ ವಿಷಯ.

ಸಿಂದಗಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲು ಕಾರಣವಿದೆ. ಮಾಹಿತಿ ತಪ್ಪಿದರೆ ಹೊಲದಲ್ಲಿ ಏನಾಗುತ್ತದೆ ಎಂಬುದು ಮಳೆಯನ್ನೇ ನಂಬಿದ ಎರೆಭೂಮಿಯಲ್ಲಿ ಬಹಳ ಬೇಗ, ಬಹಳ ಸ್ಪಷ್ಟವಾಗಿ ಕಾಣುತ್ತದೆ. ಹಳೆಯ ಐದು ತಾಲ್ಲೂಕುಗಳ ವಿಜಯಪುರ ಜಿಲ್ಲೆಯಲ್ಲಿ ಸಿಂದಗಿ ಪೂರ್ವದ ಕಡೆಯದು. ಉತ್ತರಕ್ಕೆ ಭೀಮಾ ನದಿ. ದಕ್ಷಿಣದ ಕಡೆ ಹೂಳು ತುಂಬಿ ಮಳೆಗಾಲದಲ್ಲಿ ದಡ ಮೀರುವ ಡೋಣಿಯ ಕಣಿವೆ. ನಾರಾಯಣಪುರ ಎಡದಂಡೆಯ ಇಂಡಿ ಶಾಖಾ ಕಾಲುವೆ ಕೆಲವು ಊರುಗಳಿಗೆ ನೀರು ತಂದಿದೆ. ಉಳಿದ ಕಡೆ ಮುಂಗಾರಿ, ಹಿಂಗಾರಿಗಳೇ ಗತಿ. ಇಲ್ಲಿಯವರು ಪಹಣಿ ಎನ್ನುವುದನ್ನು ಅಲ್ಲಿ ಉತಾರ ಎನ್ನುತ್ತಾರೆ. ಮುಂಬಯಿ ಪ್ರಾಂತ್ಯದ ಕಾಲದಿಂದ ಬಂದ ರೂಢಿಯಂತೆ ಊರಿನ ಲೆಕ್ಕಿಗನನ್ನು ಹಿರಿಯರು ಈಗಲೂ ತಲಾಠಿ ಎನ್ನುವುದುಂಟು.

ಸಿಂದಗಿಯ ಸೀಮೆಯಲ್ಲಿ ನಾಲ್ಕು ಎಕರೆಯ ಒಂದು ತೊಗರಿ ಹೊಲವಿದೆ ಎಂದಿಟ್ಟುಕೊಳ್ಳೋಣ. ಈ ಒಂದೇ ಹೊಲದ ಮಾಹಿತಿ ಈಗ ಎಷ್ಟು ಕಡೆ ಇದೆ? ಒಡೆತನ ‘ಭೂಮಿ’ಯಲ್ಲಿದೆ. ರೈತನ ಹೆಸರು, ಆಧಾರ್, ಬ್ಯಾಂಕ್ ಖಾತೆ ಮತ್ತು ಸರ್ವೆ ನಂಬರುಗಳು ‘ಫ್ರೂಟ್ಸ್’ ಎಂಬ ನೋಂದಣಿಯಲ್ಲಿವೆ. ಅದರ ಸಂಖ್ಯೆಯನ್ನೇ ಎಫ್‌ಐಡಿ ಎನ್ನುವುದು. ಹೊಲದಲ್ಲಿ ನಿಂತ ಬೆಳೆಯ ಚಿತ್ರ ಬೆಳೆ ಸಮೀಕ್ಷೆಯಲ್ಲಿದೆ. ವಿಮೆಯ ಕಂತು 2016ರಲ್ಲಿ ಆರಂಭವಾದ ‘ಸಂರಕ್ಷಣೆ’ಯಲ್ಲಿದೆ. ಊರಿನ ಮೇಲೆ ಬಿದ್ದ ಮಳೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕದಲ್ಲಿದೆ. ಸುಜಲಾ ಮೂರನೆಯ ಹಂತದ ಯೋಜನೆ ಆ ಜಲಾನಯನವನ್ನು ಮುಟ್ಟಿದ್ದರೆ ಮಣ್ಣಿನ ಆಳ, ಇಳಿಜಾರು, ಪೋಷಕಾಂಶಗಳ ವಿವರ ಇನ್ನೊಂದು ಭಂಡಾರದಲ್ಲಿದೆ. ಹೊಲ ಒಂದು, ಕಡತ ಆರು. ಒಂದೊಂದು ಕಡತಕ್ಕೂ ಬೇರೆ ಇಲಾಖೆ, ಬೇರೆ ಗುಪ್ತಪದ, ಬೇರೆ ಮೇಲಧಿಕಾರಿ.

ಈ ಆರು ಕಡತಗಳು ಒಂದರೊಡನೊಂದು ತಾಳೆಯಾಗದಿದ್ದಾಗ ಕಷ್ಟ ತಲೆದೋರುತ್ತದೆ. ಅಲ್ಲಿಯ ರೈತರು ತೊಗರಿಯ ನಡುವೆ ಹೆಸರು ಬಿತ್ತುವುದುಂಟು. ಹೆಸರು ಎರಡು ತಿಂಗಳ ಚಿಲ್ಲರೆಯಲ್ಲಿ ಕೊಯ್ಲಿಗೆ ಬರುತ್ತದೆ. ತೊಗರಿ ನಿಂತು ಡಿಸೆಂಬರ್, ಜನವರಿಗೆ ರಾಶಿಯಾಗುತ್ತದೆ. ಸಮೀಕ್ಷೆಗೆ ಬಂದ ಹುಡುಗ ಜುಲೈ ಕೊನೆಯಲ್ಲಿ ಚಿತ್ರ ತೆಗೆದರೆ ಎದ್ದು ಕಾಣುವುದು ಹೆಸರು. ಮಿಶ್ರ ಬೆಳೆ ಎಂದು ನಮೂದಿಸುವ ಅವಕಾಶ ತಂತ್ರಾಂಶದಲ್ಲಿದ್ದರೂ ಅದನ್ನು ಬಳಸಲು ಎರಡು ಮೂರು ಪುಟ ಹೆಚ್ಚು ತುಂಬಬೇಕು. ಚಿತ್ರ ಹೆಸರಿನದು, ದಾಖಲೆ ಹೆಸರಿನದು, ವಿಮೆ ಮಾತ್ರ ತೊಗರಿಯದು. ವಿಮೆ ಮಾಡಿಸಿದ ಬೆಳೆಗೂ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ತಾಳೆಯಿಲ್ಲವೆಂಬ ಕಾರಣಕ್ಕೆ ವಿಮಾ ಅರ್ಜಿಗಳು ತಿರಸ್ಕೃತವಾಗುವುದು ರಾಜ್ಯದಲ್ಲಿ ಹೊಸ ಸಂಗತಿಯೇನಲ್ಲ. “ಹೊಲದಾಗ ತೊಗರಿ ಐತ್ರಿ, ಕಾಗದದಾಗ ಹೆಸರು ಐತಿ” ಎಂದು ರೈತ ಹೇಳಿದರೆ ಕೇಳಿದವರಿಗೆ ಕ್ಷಣಕಾಲ ನಗು ಬಂದೀತು. ಆತನಿಗೆ ಮಾತ್ರ ಅದು ಒಂದು ವರ್ಷದ ಅನ್ನ. 2022ರಲ್ಲಿ ಕಲಬುರಗಿ, ವಿಜಯಪುರದ ಸೀಮೆಗಳಲ್ಲಿ ನೆಟೆರೋಗ ಬಂದು ತೊಗರಿ ನಿಂತಲ್ಲೇ ಒಣಗಿದಾಗ, ಹೊಲದಲ್ಲಿ ತೊಗರಿ ಇತ್ತು ಎಂಬುದನ್ನು ಕಾಗದದಲ್ಲಿ ತೋರಿಸಬೇಕಾಗಿ ಬಂದ ರೈತನ ಪಾಡನ್ನು ಇದರೊಡನೆ ನೆನೆಯಬೇಕು.

ಇದಕ್ಕೆ ತಂತ್ರಜ್ಞರು ಸೂಚಿಸುವ ಉಪಾಯಕ್ಕೆ ‘ಹಂಚಿಕೆಯ ದತ್ತಾಂಶ ನೆಲೆ’ ಎಂಬ ಹೆಸರಿದೆ. ಐರೋಪ್ಯ ಒಕ್ಕೂಟವು 2020ರ ತನ್ನ ಕಾರ್ಯನೀತಿಯಲ್ಲಿ ಕೃಷಿಯೂ ಸೇರಿದಂತೆ ಹಲವು ಕ್ಷೇತ್ರಗಳಿಗೆ ಇಂಥ ನೆಲೆಗಳನ್ನು ಕಟ್ಟುವುದಾಗಿ ಸಾರಿತು. ನೆರೆಯ ತೆಲಂಗಾಣವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ 2023ರಲ್ಲಿ ಕೃಷಿ ದತ್ತಾಂಶ ವಿನಿಮಯ ವ್ಯವಸ್ಥೆಯನ್ನು ಖಮ್ಮಂ ಜಿಲ್ಲೆಯಿಂದ ಮೊದಲುಮಾಡಿ ತೆರೆಯಿತು. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ 2817 ಕೋಟಿ ರೂಪಾಯಿಗಳ ಡಿಜಿಟಲ್ ಕೃಷಿ ಅಭಿಯಾನಕ್ಕೆ ಒಪ್ಪಿಗೆ ನೀಡಿತು. ಪದ ಹೊಸದು; ಆದರೆ ಕಲ್ಪನೆ ಸಿಂದಗಿಯ ಯಾವ ಒಕ್ಕಲಿಗನಿಗೂ ಹೊಸದಲ್ಲ. ಎರೆಯ ನಾಡಿನಲ್ಲಿ ಊರ ಹೊರಗಿನ ಕಣವನ್ನು ನಾಲ್ಕಾರು ಮನೆಯವರು ಕೂಡಿ ಬಳಸುತ್ತಿದ್ದರು. ಕಣ ಎಲ್ಲರದು, ರಾಶಿ ಅವರವರದು. ಯಾರ ಸರದಿ ಯಾವಾಗ, ಯಾರಿಗೆ ಎಷ್ಟು ಆಯ, ರಾತ್ರಿ ಕಾವಲು ಯಾರದು ಎಂಬುದಕ್ಕೆಲ್ಲ ಕಟ್ಟಳೆಯಿತ್ತು. ಎಲ್ಲರ ರಾಶಿಯನ್ನೂ ಒಂದೇ ಉಗ್ರಾಣಕ್ಕೆ ತುಂಬಿ ಬೀಗ ಹಾಕಿ, ಬೀಗದ ಕೈಯನ್ನು ದೂರದ ಊರಿನವನ ಕೈಗೆ ಕೊಡುವುದು ಬೇರೆ. ಒಂದೇ ಕಣದಲ್ಲಿ ಕಟ್ಟಳೆಯಿಂದ ಕೂಡಿ ಒಕ್ಕುವುದು ಬೇರೆ. ದತ್ತಾಂಶ ನೆಲೆ ಎಂಬ ಹೆಸರಿನಲ್ಲಿ ಇವೆರಡರಲ್ಲಿ ಯಾವುದು ಬರುತ್ತಿದೆ ಎಂಬುದನ್ನು ಗಮನಿಸಬೇಕು.

ಕರ್ನಾಟಕಕ್ಕೆ ಈ ಹಾದಿಯಲ್ಲಿ ಕಾಲು ಶತಮಾನದ ಅನುಭವವಿದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಸೇರಿದವು. ಅಂದಿನ 177 ತಾಲ್ಲೂಕುಗಳಲ್ಲಿ 15 ರೂಪಾಯಿಗೆ ಪಹಣಿ ಸಿಗುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಲಂಚ, ಅಲೆದಾಟಗಳು ಕಡಿಮೆಯಾದುದನ್ನು ಅಲ್ಲಗಳೆಯುವಂತಿಲ್ಲ. ಆ ಯೋಜನೆ ತಾಲ್ಲೂಕಿನ ಗಣಕ ಕೇಂದ್ರಗಳಲ್ಲಿ ಹೊರಗಿನವರನ್ನು ಕೂರಿಸದೆ ಗ್ರಾಮ ಲೆಕ್ಕಿಗರನ್ನೇ ಆರಿಸಿ, ತರಬೇತಿ ಕೊಟ್ಟು ಕೂರಿಸಿತು. ಪಹಣಿಯ ಒಂಬತ್ತನೆಯ ಅಂಕಣ ಎಂದರೇನು, ಹನ್ನೊಂದನೆಯದು ಎಂದರೇನು ಎಂಬುದನ್ನು ಬಲ್ಲವರ ಕೈಗೆ ಯಂತ್ರ ಬಂದಿತು. ಭೂಮಿಯ ಯಶಸ್ಸಿನ ಬಗ್ಗೆ ಬರೆದವರು ಯಂತ್ರವನ್ನು ಹೊಗಳಿದಷ್ಟು ಈ ಆಯ್ಕೆಯನ್ನು ಹೊಗಳಿಲ್ಲ. ಆದರೆ ಹಳೆಯ ಕೈಬರಹದಲ್ಲಿದ್ದ ತಪ್ಪುಗಳು ಹಾಗೆಯೇ ಗಣಕಕ್ಕೆ ಇಳಿದವು. ಹನ್ನೆರಡನೆಯ ಅಂಕಣದಲ್ಲಿ ಬರೆಯಬೇಕಾದ ಸಾಗುವಳಿದಾರನ ಹೆಸರು, ಬೆಳೆಯ ವಿವರಗಳು ವರ್ಷವರ್ಷವೂ ನಕಲಾಗುತ್ತ ಬಂದವು. ಬೆಳೆ ಸಮೀಕ್ಷೆ ಎಂಬ ಬೇರೊಂದು ಏರ್ಪಾಡು ಬೇಕಾದುದಕ್ಕೆ ಇದೂ ಒಂದು ಕಾರಣ.

ಭೂಮಿಗಿಂತ ಹಿಂದಿನ ಒಂದು ಪ್ರಯತ್ನವನ್ನು ಇಂದು ಬಹುತೇಕ ಎಲ್ಲರೂ ಮರೆತಿದ್ದಾರೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1982ರಲ್ಲಿ ಆರಂಭಿಸಿದ ನೈಸರ್ಗಿಕ ಸಂಪನ್ಮೂಲ ದತ್ತಾಂಶ ನಿರ್ವಹಣಾ ಕಾರ್ಯಕ್ರಮವನ್ನು ಕರ್ನಾಟಕದಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೈಗೆತ್ತಿಕೊಂಡಿತು. ಜಿಲ್ಲಾ ಪಂಚಾಯತಿಗಳಿಗೆ ಹೊಂದಿಕೊಂಡು ದತ್ತಾಂಶ ಕೇಂದ್ರಗಳು ತೆರೆದವು. ಮುಂಬಯಿಯ ಐಐಟಿ ಈ ಕೆಲಸಕ್ಕೆಂದೇ ‘ಗ್ರಾಂ’ ಎಂಬ ನಕ್ಷೆಯ ತಂತ್ರಾಂಶವನ್ನು ದೇಶದಲ್ಲಿಯೇ ರೂಪಿಸಿತು. ಕೆರೆ, ರಸ್ತೆ, ಶಾಲೆ, ಕೊಳವೆಬಾವಿ, ಮಣ್ಣು ಎಲ್ಲವನ್ನೂ ಒಂದೇ ಜಿಲ್ಲೆಯ ನಕ್ಷೆಯ ಮೇಲೆ ತಂದು, ಜಿಲ್ಲೆಯವರೇ ತಮ್ಮ ಯೋಜನೆಯನ್ನು ತಾವೇ ಮಾಡಿಕೊಳ್ಳಲಿ ಎಂಬುದು ಉದ್ದೇಶ. ಹಂಚಿಕೆಯ ನೆಲೆ ಎಂಬ ಮಾತು ಹುಟ್ಟುವ ಮೊದಲೇ ಅದರ ಆಶಯ ಇಲ್ಲಿ ಇತ್ತು. ಆದರೆ ಅದು ಜಿಲ್ಲೆಯ ಮಟ್ಟದಲ್ಲಿಯೇ ನಿಂತಿತು. ಗ್ರಾಮ ಪಂಚಾಯಿತಿಯ ಮೇಜಿಗೆ ಇಳಿಯಲಿಲ್ಲ.

ಈಗ ಆ ಮೇಜಿನ ಕಡೆಗೆ ನೋಡೋಣ. ಪಂಚಾಯಿತಿಯ ಲೆಕ್ಕಪತ್ರ, ತೆರಿಗೆಗೆ ‘ಪಂಚತಂತ್ರ’, ಆಸ್ತಿಗೆ ‘ಇ-ಸ್ವತ್ತು’, ಉದ್ಯೋಗ ಖಾತರಿಗೆ ಕೇಂದ್ರದ ಬೇರೆ ತಂತ್ರಾಂಶ, ವಸತಿಗೆ ಇನ್ನೊಂದು. ಪಕ್ಕದ ಕೊಠಡಿಯ ಗ್ರಾಮ ಆಡಳಿತ ಅಧಿಕಾರಿಯ ಕೈಯ ಮೊಬೈಲಿನಲ್ಲಿ ಹತ್ತಕ್ಕೂ ಮಿಕ್ಕಿದ ಆ್ಯಪ್‌ಗಳು. 2024ರ ಸೆಪ್ಟೆಂಬರಿನಲ್ಲಿಯೂ 2025ರ ಫೆಬ್ರವರಿಯಲ್ಲಿಯೂ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಇಳಿದಾಗ ಅವರ ಮುಖ್ಯ ದೂರುಗಳಲ್ಲಿ ಇದೂ ಒಂದಾಗಿತ್ತು: ಕೆಲಸಕ್ಕೆ ಬೇಕಾದ ಸಲಕರಣೆಯಿಲ್ಲ, ಆ್ಯಪ್‌ಗಳ ಹೊರೆ ಮಾತ್ರ ಏರುತ್ತಿದೆ. ಆ ಮುಷ್ಕರವನ್ನು ನೌಕರರ ಬೇಡಿಕೆಯೆಂದಷ್ಟೇ ಕಂಡು ಸುಮ್ಮನಾದವರು ಒಂದು ಮಾತನ್ನು ಗಮನಿಸಲಿಲ್ಲ. ಒಬ್ಬನೇ ಮನುಷ್ಯ ಒಂದೇ ಊರಿನ ವಿವರವನ್ನು ಹತ್ತು ಕಡೆ ಹತ್ತು ಸಲ ತುಂಬುತ್ತಿದ್ದಾನೆಂದರೆ, ಆ ಹತ್ತರಲ್ಲಿ ಎರಡು ಒಂದರಂತೆ ಇನ್ನೊಂದು ಇರುವುದು ಆಕಸ್ಮಿಕವೇ ಸರಿ.

ಇಂಥವರಿಗೆ ಸಾಮಾನ್ಯವಾಗಿ ಸಿಗುವ ತರಬೇತಿ ಒಂದು ದಿನದ್ದು. ಎಲ್ಲಿ ಒತ್ತಬೇಕು, ಗುಪ್ತಪದ ಮರೆತರೆ ಏನು ಮಾಡಬೇಕು, ಯಾವ ದಿನಾಂಕದೊಳಗೆ ಮುಗಿಸಬೇಕು ಎಂಬುದನ್ನು ಪರದೆಯ ಮೇಲೆ ತೋರಿಸುತ್ತಾರೆ. ಊಟ, ಹಾಜರಿ, ಪ್ರಮಾಣಪತ್ರ. ಇದನ್ನು ತರಬೇತಿಯೆನ್ನುವುದಕ್ಕಿಂತ ಬೆರಳಿನ ಅಭ್ಯಾಸ ಎನ್ನುವುದು ಮೇಲು. ತಾನು ತುಂಬಿದ ಅಂಕಣ ಮುಂದೆ ಯಾರ ಬಳಿಗೆ ಹೋಗುತ್ತದೆ, ಅದನ್ನು ನೋಡಿ ಯಾರು ಏನನ್ನು ತೀರ್ಮಾನಿಸುತ್ತಾರೆ ಎಂಬುದನ್ನು ಅಲ್ಲಿ ಹೇಳುವುದು ಅಪರೂಪ. ತನ್ನ ಒಂದು ಒತ್ತು ಒಬ್ಬ ವಿಧವೆಯ ಬೆಳೆವಿಮೆಯನ್ನು ಉಳಿಸಲೂಬಹುದು, ಕಳೆಯಲೂಬಹುದು ಎಂದು ತಿಳಿದ ಆಪರೇಟರ್ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತಾನೆ.

ಹಾಗಾದರೆ ಏನನ್ನು ಕಲಿಸಬೇಕು? ಬಹಳ ಸಣ್ಣದಾಗಿ ಕಾಣುವ ಒಂದರಿಂದ, ಎಂದರೆ ಊರಿನ ಹೆಸರಿನಿಂದಲೇ ಆರಂಭಿಸಬಹುದು. ಸಿಂದಗಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಂದು ಇಲಾಖೆ ನಡುವೆ ‘ಎ’ ಹಾಕುತ್ತದೆ, ಜನಗಣತಿಯ ಪುಸ್ತಕ ಹಾಕುವುದಿಲ್ಲ. ಮನುಷ್ಯನಿಗೆ ಎರಡೂ ಒಂದೇ ಊರು, ಯಂತ್ರಕ್ಕೆ ಎರಡು. ಆದುದರಿಂದ ಹೆಸರಿನ ಬದಲು ಸಂಕೇತ ಸಂಖ್ಯೆಗಳನ್ನು ಕೊಟ್ಟರು. ಆದರೆ ಜನಗಣತಿಯ ಸಂಖ್ಯೆ ಒಂದು, ಭೂಮಿಯ ಸಂಖ್ಯೆ ಇನ್ನೊಂದು, ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ನಿರ್ದೇಶಿಕೆಯ ಸಂಖ್ಯೆ ಮತ್ತೊಂದು. ಈ ಮೂರನ್ನೂ ಎದುರುಬದುರು ಇಟ್ಟ ಒಂದು ಪಟ್ಟಿ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಇರಬೇಕು. ಅದಕ್ಕೆ ಕೋಟಿಗಟ್ಟಲೆ ಹಣ ಬೇಡ.

ಇದಕ್ಕಿಂತ ಸೂಕ್ಷ್ಮವಾದುದು ಗಡಿಯ ಬದಲಾವಣೆ. 2018ರಿಂದೀಚೆಗೆ ಸಿಂದಗಿ ತಾಲ್ಲೂಕಿನಿಂದ ದೇವರಹಿಪ್ಪರಗಿ, ಆಲಮೇಲ ತಾಲ್ಲೂಕುಗಳು ಬೇರೆಯಾದವು. 2011ರ ಜನಗಣತಿಯ ‘ಸಿಂದಗಿ’ ಮೂರನ್ನೂ ಒಳಗೊಂಡದ್ದು. ಈಗಿನ ಕೃಷಿ ಅಂಕಿಅಂಶಗಳ ‘ಸಿಂದಗಿ’ ಅದರ ಒಂದು ಭಾಗ. ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟ ವಿದ್ಯಾರ್ಥಿಗೆ ತಾಲ್ಲೂಕಿನ ತೊಗರಿ ಪ್ರದೇಶ ಹತ್ತು ವರ್ಷಗಳಲ್ಲಿ ಕುಸಿದುಹೋಯಿತು ಎಂದು ತೋರುತ್ತದೆ. ಕುಸಿದದ್ದು ತೊಗರಿಯಲ್ಲ, ಗಡಿ. ಇಂಥ ತಪ್ಪಿನ ಮೇಲೆ ಪ್ರಬಂಧಗಳೂ ಏಳಬಹುದು, ಯೋಜನೆಗಳೂ ಏಳಬಹುದು. ಯಾವ ದಿನಾಂಕದ ಗಡಿಗೆ ಯಾವ ಅಂಕಿ ಎಂಬುದನ್ನು ಬರೆದಿಡುವ ಅಭ್ಯಾಸವನ್ನು ಸ್ಥಳೀಯ ಸಿಬ್ಬಂದಿಗೆ ಕಲಿಸಬೇಕು. ಯಾವ ಊರು ಯಾವಾಗ ಯಾವ ಹೋಬಳಿಗೆ ಸೇರಿತು ಎಂಬುದು ಬೆಂಗಳೂರಿನ ತಂತ್ರಜ್ಞನಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಕಾಗದದಲ್ಲಿ ಜಾಗವೇ ಇಲ್ಲದವರ ವಿಷಯ. ಆ ಸೀಮೆಯಲ್ಲಿ ಲಾವಣಿಗೆ ಹೊಲ ಹಿಡಿದು ಮಾಡುವವರಿದ್ದಾರೆ, ಪಾಲಿಗೆ ಮಾಡುವವರಿದ್ದಾರೆ. ಉತಾರದಲ್ಲಿ ಇವರ ಹೆಸರು ಬಾರದು. ಭೂಸುಧಾರಣೆಯ ಕಾಯ್ದೆಯ ಭಯದಿಂದ ಒಡೆಯರು ಬರೆಸುವುದಿಲ್ಲ. ಉತಾರ ಇಲ್ಲದೆ ಆ ಹೊಲ ಅವರ ಎಫ್‌ಐಡಿಗೆ ಸೇರದು. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಪರಿಹಾರದ ಹಣ ಫ್ರೂಟ್ಸ್‌ನಲ್ಲಿದ್ದ ಜಮೀನಿನ ವಿವರವನ್ನು ನೋಡಿ ನೇರವಾಗಿ ಬ್ಯಾಂಕ್ ಖಾತೆಗೆ ಹೋಯಿತು. ಮಧ್ಯವರ್ತಿಯಿಲ್ಲದೆ ಹಣ ತಲುಪಿದ್ದು ಒಳ್ಳೆಯದೇ. ಬೀಜ, ಗೊಬ್ಬರಕ್ಕೆ ಸಾಲ ಮಾಡಿದ ಲಾವಣಿದಾರ ಮಾತ್ರ ಯಾವ ಪರದೆಯ ಮೇಲೂ ಇರಲಿಲ್ಲ. ಇದು ಆಪರೇಟರ್ ಸರಿಪಡಿಸಬಹುದಾದ ಸಂಗತಿಯಲ್ಲ. ಆದರೆ ತನ್ನ ಪಟ್ಟಿಯಲ್ಲಿ ಯಾರು ಇಲ್ಲ ಎಂದು ಕೇಳುವುದನ್ನು ಆತನಿಗೆ ಕಲಿಸಬಹುದು, ಆ ಉತ್ತರವನ್ನು ಗ್ರಾಮಸಭೆಯ ಮುಂದಿಡುವುದನ್ನೂ ಕಲಿಸಬಹುದು.

ತಿದ್ದುಪಡಿಯ ಹಕ್ಕನ್ನು ಎಲ್ಲಕ್ಕಿಂತ ಮೇಲಿನದೆಂದು ಎಣಿಸಬೇಕಾಗುತ್ತದೆ. ಬೆಳೆ ಸಮೀಕ್ಷೆಯಲ್ಲಿ ಈ ದೃಷ್ಟಿಯಿಂದ ಮುನ್ನಡೆಯಾಗಿದೆ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯನ್ನು ತಾವೇ ದಾಖಲಿಸುವ ಅವಕಾಶ ಬಂದಿತು. ‘ಬೆಳೆ ದರ್ಶಕ್’ ಎಂಬ ಆ್ಯಪ್‌ನಲ್ಲಿ ದಾಖಲಾದುದನ್ನು ನೋಡಿ ಆಕ್ಷೇಪಿಸುವ ದಾರಿ ತೆರೆಯಿತು. ಆದರೆ ಆಕ್ಷೇಪಣೆಗೆ ಗಡುವಿರುತ್ತದೆ. ಗಡುವಿನ ಸುದ್ದಿ ಊರಿಗೆ ಮುಟ್ಟುವ ಹೊತ್ತಿಗೆ ಅದು ಮುಗಿದಿರುವುದೂ ಉಂಟು. ಇನ್ನೊಂದು ತೊಡಕೆಂದರೆ, ಒಂದು ಕಡತದಲ್ಲಿ ತಿದ್ದಿದ ತಪ್ಪು ಉಳಿದ ಐದರಲ್ಲಿ ತನ್ನಿಂದ ತಾನೇ ತಿದ್ದಿಹೋಗುತ್ತದೆಂಬ ಭರವಸೆ ಇಲ್ಲ. ಹದಿಮೂರು ಲಕ್ಷದಷ್ಟೇ ಜನರಿರುವ ಎಸ್ಟೋನಿಯಾ ದೇಶ 2001ರಲ್ಲಿ ಕಟ್ಟಿದ ‘ಎಕ್ಸ್-ರೋಡ್’ ವ್ಯವಸ್ಥೆಯಲ್ಲಿ ಪ್ರತಿ ಕಚೇರಿಯೂ ತನ್ನ ಮಾಹಿತಿಯನ್ನು ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ. ಬೇಕಾದವರು ಅಲ್ಲಿಂದಲೇ ಕೇಳಿ ಪಡೆಯಬೇಕು. ತನ್ನ ಮಾಹಿತಿಯನ್ನು ಯಾವ ಕಚೇರಿ ಯಾವಾಗ ನೋಡಿತು ಎಂಬುದನ್ನು ಪ್ರಜೆ ತಾನೇ ನೋಡಬಲ್ಲ. ಅಷ್ಟು ಚಿಕ್ಕ ದೇಶದ ಮಾತು ಏಳು ಕೋಟಿ ಜನರ ರಾಜ್ಯಕ್ಕೆ ಹೊಂದೀತೆ ಎಂಬ ಶಂಕೆ ನ್ಯಾಯವಾದುದೇ. ಆದರೂ ‘ಯಾರು ತಿದ್ದಿದರು, ಯಾವಾಗ, ಯಾವ ಆಧಾರದ ಮೇಲೆ’ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡಲು ದೇಶದ ಗಾತ್ರ ಅಡ್ಡಬಾರದು. ಹಿಂದಿನ ತಲಾಠಿಯ ಫೇರಫಾರ ವಹಿಯಲ್ಲಿ ಇದೆಲ್ಲ ಇತ್ತು.

ಸಿಬ್ಬಂದಿಗೆ ಮಾಹಿತಿ ತುಂಬುವ ಹಕ್ಕಿದೆ, ತೆಗೆಯುವ ಹಕ್ಕಿಲ್ಲ. ಈಗಿನ ಏರ್ಪಾಡಿನ ಅತಿ ದೊಡ್ಡ ಕೊರತೆ ಇದು. ಬಾವಿ ಊರಿನಲ್ಲಿದೆ, ಹಗ್ಗ ಮಾತ್ರ ಬೆಂಗಳೂರಿನಲ್ಲಿದೆ. ಸುಜಲಾ ಯೋಜನೆಯ ಭೂಸಂಪನ್ಮೂಲ ಸಮೀಕ್ಷೆಯನ್ನೇ ನೋಡಬಹುದು. ವಿಜಯಪುರವೂ ಸೇರಿ 11 ಜಿಲ್ಲೆಗಳ ಆಯ್ದ ಜಲಾನಯನಗಳಲ್ಲಿ 320 ಮೀಟರಿಗೊಂದರಂತೆ, ಎಂದರೆ ಸುಮಾರು 10 ಹೆಕ್ಟೇರಿಗೊಂದು ಮಣ್ಣಿನ ಮಾದರಿ ತೆಗೆದು, ಸರ್ವೆ ನಂಬರಿನ ನಕ್ಷೆಯ ಮೇಲೆ ಮಣ್ಣಿನ ಗುಣವನ್ನು ಗುರುತಿಸಲಾಯಿತು. ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯೂ ಕೃಷಿ ವಿಶ್ವವಿದ್ಯಾಲಯಗಳೂ ಕೈಜೋಡಿಸಿ ಮಾಡಿದ ಶ್ರಮದ ಕೆಲಸವದು. ಒಂದೇ ಊರಿನಲ್ಲಿ ಹಳ್ಳದ ಬದಿಯ ಆಳವಾದ ಎರೆಯೂ ಮೇಲಿನ ಮಡ್ಡಿಯ ಗೇಣುದ್ದದ ಮಣ್ಣೂ ಇರುತ್ತವೆ. ತೊಗರಿಗೆ ಎಲ್ಲಿ ಗೊಬ್ಬರ ಹೆಚ್ಚು ಹಾಕಬೇಕು, ಎಲ್ಲಿ ಕೃಷಿಹೊಂಡ ತೋಡಿದರೆ ನೀರು ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರವಿಲ್ಲ. ಪಂಚಾಯಿತಿಯಲ್ಲಿ ಉದ್ಯೋಗ ಖಾತರಿಯ ಬದು, ಹೊಂಡಗಳ ಪಟ್ಟಿ ಸಿದ್ಧವಾಗುವಾಗ ಈ ನಕ್ಷೆ ಮೇಜಿನ ಮೇಲೆ ಇರಬೇಕಲ್ಲವೆ? ಅದನ್ನು ತೆರೆದು ಓದಿ ಹೇಳಬಲ್ಲ ಒಬ್ಬರು ಅಲ್ಲಿ ಇರಬೇಕಲ್ಲವೆ?

ಮಳೆಮಾಪಕಗಳೂ ಹಾಗೆಯೇ. ಹತ್ತಿರಹತ್ತಿರ ಪ್ರತಿ ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಸುಮಾರು 6500 ಸ್ವಯಂಚಾಲಿತ ಮಾಪಕಗಳನ್ನು ಇಡಲಾಗಿದೆ. 15 ನಿಮಿಷಕ್ಕೊಮ್ಮೆ ಅಂಕಿ ಕಳುಹಿಸುವಂತೆ ಅವನ್ನು ರೂಪಿಸಲಾಗಿದೆ. ಇಡೀ ದೇಶಕ್ಕೆ ಮಾದರಿಯೆನ್ನಬಹುದಾದ ಜಾಲವಿದು. ಅಂಕಿ ಊರಿನಿಂದ ಹೊರಡುತ್ತದೆ. ತನ್ನ ಊರಿನ ಹತ್ತು ವರ್ಷದ ಮಳೆಯ ಪಟ್ಟಿಯನ್ನು ಪಂಚಾಯಿತಿಯ ಆಪರೇಟರ್ ಗ್ರಾಮಸಭೆಗೆ ಮುದ್ರಿಸಿ ಕೊಡಬಲ್ಲನೆ ಎಂದರೆ, ಅದನ್ನು ಆತನಿಗೆ ಯಾರೂ ಕಲಿಸಿರುವುದಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಇಂಡಿ, ಸಿಂದಗಿ ಸೀಮೆಯ ನದಿದಂಡೆಯ ಊರುಗಳು ಮುಳುಗಿದವು. ನೀರು ಬಂದದ್ದು ಮಹಾರಾಷ್ಟ್ರದ ಉಜನಿ ಮತ್ತಿತರ ಜಲಾಶಯಗಳ ಕಡೆಯಿಂದ. ಎಷ್ಟು ನೀರು ಯಾವಾಗ ಬಿಟ್ಟರು ಎಂಬ ಅಂಕಿ ಒಂದು ರಾಜ್ಯದಲ್ಲಿರುತ್ತದೆ, ಮುಳುಗುವ ಹೊಲ ಇನ್ನೊಂದರಲ್ಲಿ. ದೇವಣಗಾಂವ ಸೇತುವೆಯ ಬಳಿಯ ಕೇಂದ್ರ ಜಲ ಆಯೋಗದ ಮಟ್ಟವನ್ನು ಓದಿ, ಯಾವ ಮಟ್ಟಕ್ಕೆ ತನ್ನ ಊರಿನ ಯಾವ ಓಣಿಗೆ ನೀರು ಬರುತ್ತದೆ ಎಂದು ಹೇಳಬಲ್ಲ ಸಿಬ್ಬಂದಿ ದಂಡೆಯ ಪ್ರತಿ ಪಂಚಾಯಿತಿಯಲ್ಲಿಯೂ ಇರಬೇಕಾಗುತ್ತದೆ. ಹಂಚಿಕೆಯ ನೆಲೆಯ ಪ್ರಯೋಜನ ಇಂಥಲ್ಲಿ ಜೀವದ ಪ್ರಯೋಜನ.

ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದು ಸರಿಯೆ ಎಂದು ಕೇಳುವವರಿದ್ದಾರೆ. ಸರಿಯಲ್ಲ. ಮಳೆ, ಮಣ್ಣು, ಅಂತರ್ಜಲ, ಕಾಮಗಾರಿಯ ಖರ್ಚು ಊರಿನ ಆಸ್ತಿ, ಅವು ತೆರೆದಿರಬೇಕು. ಒಬ್ಬನ ಸಾಲ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಊರಿನ ಆಸ್ತಿಯಲ್ಲ. ಯಾವ ಹೊಲದಲ್ಲಿ ಯಾವ ಬೆಳೆ ಸೋತಿದೆ, ಯಾರಿಗೆ ಹಣದ ತುರ್ತಿದೆ ಎಂಬುದು ಜಮೀನು ಕೊಳ್ಳಲು ಹೊಂಚುವವನಿಗೆ ಬೆಲೆಬಾಳುವ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಬಂದಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಅದೇ ಅಧಿನಿಯಮ ಮಾಹಿತಿ ಹಕ್ಕಿನ ಎಂಟನೆಯ ಕಲಮನ್ನೂ ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ನೆಪದಲ್ಲಿ ನಿರಾಕರಿಸುವ ದಾರಿಯನ್ನು ಅಗಲ ಮಾಡಿದೆ. ಫಲಾನುಭವಿಗಳ ಪಟ್ಟಿ ಕೇಳಿದವರಿಗೆ ಅದು ಖಾಸಗಿ ಎಂದು ಹೇಳಿ ಕಳುಹಿಸಿ, ಅತ್ತ ರೈತನ ಎಫ್‌ಐಡಿ ವಿವರವನ್ನು ಗೊತ್ತಿಲ್ಲದವರಿಗೆ ಕೊಡುವ ಸ್ಥಿತಿ ಬಾರದಿರಬೇಕಾದರೆ, ಯಾವುದು ಊರಿನದು, ಯಾವುದು ಮನೆಯದು ಎಂಬ ವಿವೇಕ ಮೇಜಿನ ಬಳಿ ಕುಳಿತವರಿಗೆ ಬೇಕು. ಮಾಹಿತಿ ಹಕ್ಕಿನ ನಾಲ್ಕನೆಯ ಕಲಮಿನಂತೆ ಕೇಳದೆಯೇ ಪ್ರಕಟಿಸಬೇಕಾದ ವಿಷಯಗಳು ಈಗಲೂ ಹಾಗೆಯೇ ಇವೆ.

ಈಗ ಮಲೆನಾಡಿಗೆ ಬರೋಣ. ಸಿಂದಗಿಯಂಥ ಬಯಲಿನ ಸರ್ವೆ ನಂಬರಿನಲ್ಲಿಯೇ ಇಷ್ಟು ತೊಡಕಿದ್ದರೆ, ಒಂದೇ ತೋಟದಲ್ಲಿ ಅಡಕೆ, ಅದರ ಮೈಮೇಲೆ ಮೆಣಸು, ಬುಡದಲ್ಲಿ ಏಲಕ್ಕಿ, ನಡುವೆ ಬಾಳೆ ಇರುವ ಇಲ್ಲಿ ಹೇಗೆ? ಒಂದು ಚಿತ್ರ ಯಾವ ಬೆಳೆಯನ್ನು ತೋರಿಸೀತು? ದಟ್ಟ ಮರಗಳಡಿ ಮೊಬೈಲು ತೋರಿಸುವ ಸ್ಥಾನ ಪಕ್ಕದವರ ತೋಟಕ್ಕೆ ಜಾರುವುದನ್ನು ಇಲ್ಲಿಯ ಸಮೀಕ್ಷೆಗಾರರು ಬಲ್ಲರು. ಸೊಪ್ಪಿನಬೆಟ್ಟ, ಕಾನು, ಕುಮ್ಕಿ, ಬಾಣೆಗಳಿಗೆ ಒಡೆತನವೂ ಅಲ್ಲದ, ಬರಿಯ ಸರ್ಕಾರಿಯೂ ಅಲ್ಲದ ಹಕ್ಕುಗಳಿವೆ. ಬಯಲಿಗಾಗಿ ಹೊಲೆದ ನಮೂನೆಯಲ್ಲಿ ಅವುಗಳಿಗೆ ಅಂಕಣವಿಲ್ಲ. ಅಂಕಣವಿಲ್ಲದ್ದು ಕಾಲಾಂತರದಲ್ಲಿ ಹಕ್ಕೂ ಅಲ್ಲವೆಂದಾಗುವ ಅಪಾಯ ಸಣ್ಣದಲ್ಲ.

ಪಶ್ಚಿಮ ಘಟ್ಟದ ನಕ್ಷೆಯ ಕಥೆಯೂ ಇದನ್ನೇ ಹೇಳುತ್ತದೆ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿ 2011ರ ಆಗಸ್ಟ್‌ನಲ್ಲಿ ಕೊಟ್ಟ ವರದಿ, ಮಾಹಿತಿ ಹಕ್ಕಿನಡಿ ಹೋರಾಟ ನಡೆದ ಮೇಲೆ 2012ರಲ್ಲಿ ಜನರ ಕೈಗೆ ಬಂದಿತು. ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರವನ್ನು ನೋಡಿ, ಶೇ. 20ಕ್ಕಿಂತ ಹೆಚ್ಚು ಸೂಕ್ಷ್ಮ ಪ್ರದೇಶವಿರುವ ಇಡೀ ಗ್ರಾಮವನ್ನು ಘಟಕವಾಗಿ ಹಿಡಿಯಿತು. 2024ರ ಜುಲೈ ಕೊನೆಯಲ್ಲಿ ಕೇಂದ್ರ ಹೊರಡಿಸಿದ ಆರನೆಯ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಆಕ್ಷೇಪಣೆಗೆ 60 ದಿನ. ಸೂಕ್ಷ್ಮ ಪ್ರದೇಶದ ಪರವಾಗಿರಲಿ, ವಿರೋಧವಾಗಿರಲಿ, ತಮ್ಮ ಊರಿನ ಯಾವ ಸರ್ವೆ ನಂಬರು ಯಾವ ಕಾರಣಕ್ಕೆ ಅದರಲ್ಲಿ ಸೇರಿದೆ ಎಂದು ಪಂಚಾಯಿತಿಯಲ್ಲಿ ಕೇಳಿ ಉತ್ತರ ಪಡೆದವರು ಈ ಸಭೆಯಲ್ಲಿ ಎಷ್ಟು ಮಂದಿ? ಉತ್ತರ ಕೊಡಲು ಸಿಬ್ಬಂದಿಗೆ ಆ ನಕ್ಷೆಯ ಪದರಗಳನ್ನು ತೆರೆಯುವುದು ಗೊತ್ತಿರಬೇಕು. ಅದಿಲ್ಲದ ಕಡೆ ವದಂತಿ ಕುಳಿತುಕೊಳ್ಳುತ್ತದೆ. ಜೀವವೈವಿಧ್ಯ ದಾಖಲಾತಿಯೂ ಹೀಗೆಯೇ ಸೊರಗಿತು. 2002ರ ಅಧಿನಿಯಮದಂತೆ ಊರಿನವರೇ ನಿಧಾನವಾಗಿ ಬರೆಯಬೇಕಾದ ಪುಸ್ತಕಕ್ಕೆ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟಿತು. ಗಡುವಿಗೆ ಹೆದರಿ ತುಂಬಿದ ಪುಸ್ತಕದಲ್ಲಿ ಪಕ್ಕದ ಊರಿನ ಗಿಡಗಳೇ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ತರಬೇತಿ ಕೊಡಲು ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಉಪಗ್ರಹದ ಮೂಲಕ ಸಾವಿರಾರು ಪಂಚಾಯಿತಿ ಸದಸ್ಯರಿಗೆ ಪಾಠ ಹೇಳಿದ ಅನುಭವವುಳ್ಳದ್ದು. ತಾಲ್ಲೂಕುಗಳಲ್ಲಿ ಸಾಮರ್ಥ್ಯ ಸೌಧಗಳಿವೆ. ಕೃಷಿ ವಿಜ್ಞಾನ ಕೇಂದ್ರಗಳಿವೆ. ಬದಲಾಗಬೇಕಾದುದು ಪಾಠ. ಪರದೆಯ ಎದುರು ಒಂದು ದಿನ ಸಾಕು. ಎರಡು ದಿನ ಹೊಲದಲ್ಲಿ, ತೋಟದಲ್ಲಿ ಉತಾರ ಹಿಡಿದು ನಡೆಯಬೇಕು. ಕಂದಾಯ, ಕೃಷಿ, ತೋಟಗಾರಿಕೆ, ಪಂಚಾಯಿತಿಗಳ ಸಿಬ್ಬಂದಿಯನ್ನು ಬೇರೆಬೇರೆ ಕೂರಿಸದೆ ಒಂದೇ ಊರಿನವರನ್ನು ಒಟ್ಟಿಗೆ ಕೂರಿಸಬೇಕು. ಹೀಗೆ ಮಾಡಿದರೆ ಆರು ಕಡತಗಳ ಆರು ಮಂದಿ ಮೊದಲ ಸಲ ಒಂದೇ ಮೇಜಿನ ಸುತ್ತ ಸೇರಿದಂತಾಗುತ್ತದೆ. ಗುತ್ತಿಗೆಯ ಮೇಲೆ ಇಂದು ಬಂದು ನಾಳೆ ಹೋಗುವವರಿಗೆ ಎಷ್ಟು ಕಲಿಸಿದರೂ ಕಲಿಕೆ ಊರಿನಲ್ಲಿ ಉಳಿಯದು ಎಂಬುದನ್ನೂ ಸರ್ಕಾರಕ್ಕೆ ಹೇಳಬೇಕಾಗಿದೆ.

ವಿದ್ಯಾರ್ಥಿಗಳು ಇಷ್ಟನ್ನು ಕಾಯದೆ ಮಾಡಬಹುದು. ತಮ್ಮ ಊರಿನ ಹತ್ತು ಹಿಡುವಳಿಗಳನ್ನು ಒಡೆಯರ ಒಪ್ಪಿಗೆಯಿಂದ ಆರಿಸಿಕೊಂಡು, ಪಹಣಿ, ಎಫ್‌ಐಡಿಯ ಜಮೀನಿನ ವಿವರ, ‘ಬೆಳೆ ದರ್ಶಕ್’ನಲ್ಲಿರುವ ಬೆಳೆ, ಈ ಮೂರನ್ನು ಮೂರು ಅಂಕಣಗಳಲ್ಲಿ ಬರೆಯುವುದು. ನಾಲ್ಕನೆಯ ಅಂಕಣದಲ್ಲಿ ಸ್ಥಳಕ್ಕೆ ಹೋಗಿ ಕಣ್ಣಾರೆ ಕಂಡದ್ದನ್ನು ಬರೆಯುವುದು, ದಿನಾಂಕ ಹಾಕುವುದು. ಆಧಾರ್, ಬ್ಯಾಂಕ್ ಸಂಖ್ಯೆಗಳನ್ನು ಎಲ್ಲಿಯೂ ಬರೆಯಬಾರದು. ತಾಳೆಯಾಗದ ಸಾಲುಗಳಿಗೆ ಕೆಂಪು ಗೆರೆ ಎಳೆದು, ಹಿಡುವಳಿದಾರರ ಸಹಿ ಪಡೆದು, ಆಕ್ಷೇಪಣೆಯ ಗಡುವು ಮುಗಿಯುವ ಮೊದಲು ಒಂದು ಪ್ರತಿಯನ್ನು ರೈತ ಸಂಪರ್ಕ ಕೇಂದ್ರಕ್ಕೂ ಒಂದನ್ನು ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಪಡೆಯುವುದು. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಅದನ್ನು ಸೇರಿಸುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಲಿಖಿತವಾಗಿ ಕೇಳುವುದು.